ಹಳೆ ಡಿಐ ಪಿಕಪ್‌ಗೆ ಟರ್ಬೊ ಕೂರಿಸಿದ ಮೂರು ದಿನ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಒಳಗೆ ಮಾತ್ರ ಓಡಾಡುವ ಹಳೆ ಮಹೀಂದ್ರ ಪಿಕಪ್. 2523 ಸಿಸಿಯ ಡಿಐ (ಡೀಸೆಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ) ಎಂಜಿನ್, ಟರ್ಬೊ ಇಲ್ಲದ್ದು. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನಿಗೆ ಗಾಳಿ ಒತ್ತಿ ತುಂಬುವ ಸಾಧನ. ಸಾವಿರ ಮೀಟರಿಗೆ ಹತ್ತಿರದ ಎತ್ತರದಲ್ಲಿ ಗಾಳಿಯೇ ಹತ್ತರಲ್ಲಿ ಒಂದು ಪಾಲು ತೆಳು. ಪಂಪ್ ಮಾತ್ರ ಮೊದಲಿನಷ್ಟೇ ಡೀಸೆಲ್ ಕೊಡುತ್ತದೆ. ಹಾಗಾಗಿ ಒಂದು ಟನ್ ಹೇರಿ ಕಣದಿಂದ ಗೋದಾಮಿನ ಎರಡು ಕಿಲೋಮೀಟರ್ ಏರು ಹತ್ತಿಸಿದರೆ ಫಸ್ಟ್ ಗೇರು, ಹಿಂದೆ ಕರಿಹೊಗೆ.

ತೋಟದ ಒಳಗೆ ಮಾತ್ರ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ರಸ್ತೆಗೆ ಇಳಿಯುವ ಗಾಡಿಯಾದರೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳದೆ ಸ್ಪ್ಯಾನರ್ ಹಿಡಿಯಬಾರದು.

ಮೊದಲ ದಿನ ಹೋಗಿದ್ದು ಪೂರ್ತಿ ಎಂಜಿನ್ ತಪಾಸಣೆಗೆ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ ಹಾಗೇ ಮೇಲಿಟ್ಟರೆ ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ರಿಂಗು ದಾಟಿ ಕೆಳಗೆ ಸೋರುವ ಒತ್ತಡ) ಎಷ್ಟಿದೆ ಗೊತ್ತಾಗುತ್ತದೆ. ಮುಚ್ಚಳ ಕುಣಿದು ಕೆಳಗೆ ಬಿದ್ದರೆ ಟರ್ಬೊ ಮಾತು ಅಲ್ಲಿಗೇ ಬಿಡಬೇಕು, ಮೊದಲು ರಿಂಗು, ಬೋರು. ನಾಜಲ್ ಬಿಚ್ಚಿ ಗೇಜ್ ಹಾಕಿದಾಗ ನಾಲ್ಕು ಸಿಲಿಂಡರುಗಳಲ್ಲಿ ಕಡಿಮೆಯದು 365, ಹೆಚ್ಚಿನದು 385 ಪಿಎಸ್‌ಐ. ಅಂತರ ಶೇಕಡಾ 10ರ ಒಳಗಿದ್ದರೆ ಸಾಕು. ಹೆಡ್ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಮ್ಯಾನ್ಯುವಲ್‌ನಲ್ಲಿರುವ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿ, ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಿದ್ದಾಯಿತು.

ಯಾವ ಟರ್ಬೊ ಎಂಬುದನ್ನು ಲೆಕ್ಕ ಹಾಕಿಯೇ ಆರಿಸಬೇಕು. 2523 ಸಿಸಿ ಎಂಜಿನ್ 3000 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 3.2 ಘನ ಮೀಟರ್ ಗಾಳಿ ಎಳೆಯುತ್ತದೆ. 0.6 ಬಾರ್ ಬೂಸ್ಟ್ (ಟರ್ಬೊ ಸೇರಿಸುವ ಒತ್ತಡ) ಕೊಟ್ಟು ತಣಿಸಿದರೆ ಅದು ನಿಮಿಷಕ್ಕೆ 5 ಕಿಲೋ ಚಿಲ್ಲರೆ ಗಾಳಿ. 2ರಿಂದ 2.5 ಲೀಟರಿನ ಡೀಸೆಲ್ ಕಾರುಗಳ ಸಣ್ಣ ಟರ್ಬೊ ಇದಕ್ಕೆ ಹೇಳಿ ಮಾಡಿಸಿದ್ದು. ಲಾರಿಯ ದೊಡ್ಡ ಟರ್ಬೊ ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದವರ ಗಾಡಿ 2500 ಸುತ್ತು ದಾಟುವ ತನಕ ಏಳುವುದೇ ಇಲ್ಲ, ಏರಿನಲ್ಲಿ ಬೇಕಾದ್ದು 1500ರಿಂದ 2200ರ ನಡುವಿನ ಎಳೆತ. ನಾವು ಹಾಕಿದ್ದು ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರುವ, ಆಯಿಲ್‌ನಿಂದಲೇ ತಣಿಯುವ ಸಣ್ಣ ಟರ್ಬೊ. ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಾಗ ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ. ಉದ್ದಕ್ಕೆ ಆಟ ಗೊತ್ತಾಗಬಾರದು, ರೆಕ್ಕೆ ಗೋಡೆಗೆ ತಾಗಬಾರದು.

ಎಂಜಿನಿನ ಮೂಲ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಕೊಳವೆ) ಬಾಯಿ ಕೆಳಮುಖ. ಅದಕ್ಕೇ ಪ್ಲೇಟ್ ಬೆಸೆದು ಟರ್ಬೊ ತೂಗುಹಾಕಿದರೆ ಟರ್ಬೊ ತೀರಾ ತಗ್ಗಿಗೆ ಹೋಗಿ, ಆಯಿಲ್ ವಾಪಸ್ ಇಳಿಯಲು ಎತ್ತರವೇ ಉಳಿಯುವುದಿಲ್ಲ. ಇದೇ 2523 ಸಿಸಿ ಎಂಜಿನ್ ಕಂಪನಿಯಿಂದಲೇ ಟರ್ಬೊ ಸಹಿತ ಬಂದದ್ದೂ ಇದೆ, ಅದರ ಮ್ಯಾನಿಫೋಲ್ಡ್ ಗುಜರಿಯಲ್ಲಿ ಹುಡುಕಿದರೆ ಸಿಗುತ್ತದೆ. ಹೆಡ್ ಗ್ಯಾಸ್ಕೆಟ್ ಅಲ್ಲ, ಮ್ಯಾನಿಫೋಲ್ಡಿನ ಪ್ಯಾಕಿಂಗನ್ನೇ ಜೊತೆಗೆ ಒಯ್ದು ತೂತಿಗೆ ತೂತು ಹೊಂದಿಸಿ ನೋಡಿ ತರಬೇಕು. ಸ್ಟ್ರೇಟ್ ಎಡ್ಜ್ ಇಟ್ಟಾಗ 0.1 ಮಿಲಿಮೀಟರಿನ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಒಳಗೆ ಹೋದರೆ ಮುಖ ಸಾಣೆ ಹಿಡಿಸಬೇಕು. ಸೈಲೆನ್ಸರಿಗೆ ಹೋಗುವ ಹೊಗೆಯ ಬಿಸಿ ಅಳೆಯುವ ಪ್ರೋಬ್‌ಗೆ ತೂತು ಕೊರೆದು ಟ್ಯಾಪ್‌ನಿಂದ ಥ್ರೆಡ್ ಹೊಡೆದದ್ದು ಮ್ಯಾನಿಫೋಲ್ಡ್ ಟೇಬಲ್ ಮೇಲಿದ್ದಾಗಲೇ. ಗಾಡಿಗೆ ಕೂರಿಸಿದ ಮೇಲೆ ಕೊರೆದರೆ ಕಬ್ಬಿಣದ ಚೂರು ನೇರವಾಗಿ ಟರ್ಬೈನಿಗೆ ಹೋಗುತ್ತದೆ.

ಎರಡನೇ ದಿನ ಆಯಿಲ್ ಲೈನ್. ಆಯಿಲ್ ಪ್ರೆಷರ್ ಸ್ವಿಚ್ ಇರುವಲ್ಲಿ ಟಿ ಹಾಕಿ, ಸ್ಟೀಲ್ ಹೆಣಿಗೆಯ 4 ಮಿಲಿಮೀಟರ್ ಒಳವ್ಯಾಸದ ಹೋಸಿನಲ್ಲಿ ಟರ್ಬೊ ನೆತ್ತಿಗೆ ಆಯಿಲ್. ಹೋಗುವಾಗ ಒತ್ತಡ ಇರುತ್ತದೆ, ಹಾಗಾಗಿ ಸಣ್ಣ ಪೈಪ್ ಸಾಕು. ವಾಪಸ್ ಬರುವಾಗ ಒತ್ತಡವಿಲ್ಲ, ನೊರೆಯಾದ ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ ಕೆಳಗಿಳಿಸಿ, ಆಯಿಲ್ ಮಟ್ಟಕ್ಕಿಂತ ಮೇಲೆ ತೂತು ಮಾಡಿ, 19 ಮಿಲಿಮೀಟರಿನ ನಳಿಗೆ ವೆಲ್ಡ್ ಮಾಡಿಸಿ, ತೊಳೆದು ಮತ್ತೆ ಹಾಕಿದ್ದು. ಟರ್ಬೊದ ಡ್ರೈನ್ ಮುಖ ನೇರ ಕೆಳಕ್ಕಿಂತ 35 ಡಿಗ್ರಿ ಆಚೀಚೆ ವಾಲಬಹುದು, ಹೆಚ್ಚಾಗಬಾರದು.

ಸ್ಟಾರ್ಟ್ ಮಾಡುವ ಮೊದಲು ಟರ್ಬೊದ ಆಯಿಲ್ ತೂತಿಗೆ ಎರಡು ಮೂರು ಚಮಚ ಆಯಿಲ್ ಬಿಟ್ಟು, ಡೀಸೆಲ್ ನಿಲ್ಲಿಸಿ, ಡ್ರೈನಿನಲ್ಲಿ ಆಯಿಲ್ ಕಾಣುವ ತನಕ ಬರಿದೇ ಸೆಲ್ಫ್ ಹೊಡೆಯಬೇಕು. ಒಣ ಬೇರಿಂಗಿನಲ್ಲಿ ಕೆಲವೇ ಸೆಕೆಂಡು ಸುತ್ತಿದರೂ ಟರ್ಬೊ ಹಾಳು. ಹಾಗೆಯೇ ಮಾಡಿದೆವು. ಆದರೂ ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ಐಡಲ್‌ನಲ್ಲೇ ಸೈಲೆನ್ಸರಿಂದ ನೀಲಿ ಹೊಗೆ.

ಇಲ್ಲಿ ಬಹಳ ಮಂದಿ ಟರ್ಬೊದ ಸೀಲು ಹೋಯಿತು ಎಂದು ಟರ್ಬೊವನ್ನೇ ಬದಲಿಸುತ್ತಾರೆ. ಟರ್ಬೊದೊಳಗೆ ರಬ್ಬರ್ ಸೀಲು ಇರುವುದಿಲ್ಲ, ಪಿಸ್ಟನ್ ರಿಂಗಿನಂಥ ತೆಳು ಉಂಗುರ ಇರುತ್ತದೆ. ಮಧ್ಯದ ಕೋಣೆ ಖಾಲಿಯಾಗುತ್ತಿದ್ದರೆ ಮಾತ್ರ ಅದು ಆಯಿಲನ್ನು ತಡೆಯಬಲ್ಲದು, ತುಂಬಿ ನಿಂತರೆ ತಡೆಯಲಾರದು. ನಮ್ಮ ಡ್ರೈನ್ ಹೋಸು ಎಂಜಿನ್ ಮೌಂಟನ್ನು ಸುತ್ತಿ ಬರುವಲ್ಲಿ ನಾಲ್ಕು ಬೆರಳಿನಷ್ಟು ಹೊಟ್ಟೆ ಬಿಟ್ಟಿತ್ತು. ಆ ತಗ್ಗಿನಲ್ಲಿ ಆಯಿಲ್ ನಿಂತು ಹಿಂದಕ್ಕೆ ಏರಿತ್ತು. ಟರ್ಬೊದ ಮಧ್ಯಭಾಗದ ಬೋಲ್ಟು ಸಡಿಲಿಸಿ ಸ್ವಲ್ಪ ತಿರುಗಿಸಿ, ಹೋಸನ್ನು ಮೌಂಟಿನ ಮುಂದಿನಿಂದ ಒಂದೇ ಇಳಿಜಾರಿನಲ್ಲಿ ಇಳಿಸಿದ ಮೇಲೆ, ಸೈಲೆನ್ಸರಿನಲ್ಲಿ ಉಳಿದ ಆಯಿಲ್ ಉರಿದು ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ನೀಲಿ ಹೊಗೆ ಕಾಣಲಿಲ್ಲ. ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಕಟ್ಟಿಕೊಂಡಿದ್ದರೂ ಇದೇ ಲಕ್ಷಣ, ಅದನ್ನೂ ನೋಡಬೇಕು.

ದೂಳನ್ನು ಆಯಿಲಿನಲ್ಲಿ ಹಿಡಿಯುವ ಹಳೆ ಆಯಿಲ್ ಬಾತ್ ಏರ್ ಫಿಲ್ಟರ್ ತೆಗೆದು ದೊಡ್ಡ ಪೇಪರ್ ಫಿಲ್ಟರ್ ಹಾಕಿದ್ದು ಇದೇ ದಿನ. ಟರ್ಬೊ ಎಳೆತಕ್ಕೆ ಆಯಿಲ್ ಬಾತಿನ ಆಯಿಲ್ ಎಂಜಿನ್ನಿಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಕುಡಿದು ಓಡತೊಡಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ.

ಸಂಜೆ 20 ಚೀಲ ಸಿಮೆಂಟ್ ಹೇರಿ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಜಾಲರಿ) ಇಲ್ಲದೆ, ಪಂಪ್ ಮುಟ್ಟದೆ ಏರು ಹತ್ತಿಸಿದಾಗ ಕರಿಹೊಗೆ ಇರಲಿಲ್ಲ, ಸೆಕೆಂಡ್ ಗೇರಿನಲ್ಲಿ ಹತ್ತಿತು. ಟರ್ಬೈನಿಗೆ ಮುಂಚಿನ ಹೊಗೆ 610 ಡಿಗ್ರಿ, ಎಂಜಿನ್ ಒಳಗೆ ಹೋಗುವ ಗಾಳಿ 98 ಡಿಗ್ರಿ. 30 ಡಿಗ್ರಿಯ ಗಾಳಿಯನ್ನು ಒತ್ತಿದರೆ ಅಷ್ಟು ಬಿಸಿಯಾಗುವುದು ಸಹಜ.

ಮೂರನೇ ದಿನದ ಇಂಟರ್‌ಕೂಲರನ್ನು ಜನ ಶಕ್ತಿಗಾಗಿ ಹಾಕಿಸುತ್ತಾರೆ. ಈ ಎಂಜಿನಿಗೆ ಅದು ಬೇಕಾದದ್ದು ಪಿಸ್ಟನ್ ಉಳಿಸಲು. ಟರ್ಬೊಗೆಂದೇ ಮಾಡಿದ ಎಂಜಿನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಕೆಳಗೆ ಆಯಿಲ್ ಚಿಮ್ಮಿಸುವ ಜೆಟ್ ಇರುತ್ತದೆ, ಹಳೆಯದಕ್ಕೆ ಆ ರಕ್ಷಣೆ ಇಲ್ಲ. ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಇಳಿದರೆ ಹೊಗೆಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಸೆಕೆಂಡ್‌ಹ್ಯಾಂಡ್ ಇಂಟರ್‌ಕೂಲರ್ ಆದರೆ ಸೀಮೆಎಣ್ಣೆ ಹಾಕಿ ಕುಲುಕಿ ಮೂರು ನಾಲ್ಕು ಸಲ ತೊಳೆಯಬೇಕು. ಹಿಂದಿನ ಗಾಡಿಯ ಟರ್ಬೊ ಒಡೆದಿದ್ದರೆ ಅದರ ಚೂರುಗಳು ಒಳಗೇ ಕೂತಿರುತ್ತವೆ. ರೇಡಿಯೇಟರಿನ ಮುಂದೆ 25 ಮಿಲಿಮೀಟರ್ ಜಾಗ ಬಿಟ್ಟು ರಬ್ಬರ್ ಬುಷ್ ಮೇಲೆ ಕೂರಿಸಿ, ಪಕ್ಕದ ಸಂದುಗಳಿಗೆ ಫೋಮ್ ತುಂಬಿದೆವು. ಸಂದು ಬಿಟ್ಟರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಹೋಗುತ್ತದೆ, ಎಂಜಿನ್ ನೀರು ಬಿಸಿಯಾಗುತ್ತದೆ. ಪೈಪು 50 ಮಿಲಿಮೀಟರಿನ ಅಲ್ಯೂಮಿನಿಯಂ. ಪ್ರತಿ ತುದಿಗೂ ಉಬ್ಬು ಅಂಚು ಹೊಡೆಸಬೇಕು, ನುಣುಪು ಪೈಪಿಗೆ ಎಷ್ಟು ಬಿಗಿಯಾದ ಕ್ಲಿಪ್ ಹಾಕಿದರೂ ಏರಿನ ನಡುವೆ ಹೋಸು ಕಳಚುತ್ತದೆ. ಎಂಜಿನ್ ಅಲ್ಲಾಡುತ್ತದೆ, ಇಂಟರ್‌ಕೂಲರ್ ಅಲ್ಲಾಡುವುದಿಲ್ಲ. ಹಾಗಾಗಿ ಎರಡರ ನಡುವೆ ಸಿಲಿಕೋನ್ ಹೋಸು ಇರಲೇಬೇಕು. ಕಂಪ್ರೆಸರಿನಿಂದ 0.5 ಬಾರ್ ಗಾಳಿ ತುಂಬಿ ಸೋಪಿನ ನೀರು ಬಳಿದಾಗ ಒಂದು ಕ್ಲಿಪ್ಪಿನ ಬಳಿ ಗುಳ್ಳೆ ಎದ್ದಿತು, ಬಿಗಿದ ಮೇಲೆ ನಿಂತಿತು.

ಅದೇ ಲೋಡು, ಅದೇ ಏರು: ಗಾಳಿ 54 ಡಿಗ್ರಿ, ಹೊಗೆ 565. ಇಷ್ಟಾದ ಮೇಲೆಯೇ ಪಂಪ್ ಕೆಲಸದವರಿಂದ ಫುಲ್ ಲೋಡ್ ಸ್ಕ್ರೂ (ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿ ಮಾಡುವುದು) ಎಂಟನೇ ಒಂದು ಸುತ್ತಿನಂತೆ ಎರಡು ಸಲ ತಿರುಗಿಸಿದ್ದು. 640ಕ್ಕೆ ಬಂದಾಗ ನಿಲ್ಲಿಸಿದೆವು. ಇನ್ನೊಂದು ಎಂಟನೇ ಸುತ್ತು ಹಾಕಿದ್ದರೆ ಎಳೆತ ಹೆಚ್ಚುತ್ತಿತ್ತು, ಆದರೆ ಕ್ಲಚ್ ಆಗಲೇ ಟಾಪ್ ಗೇರಿನಲ್ಲಿ ಜಾರುವ ಸೂಚನೆ ಕೊಟ್ಟಿತ್ತು. ದೀರ್ಘ ಏರಿನಲ್ಲಿ 650 ದಾಟಿದರೆ ಕಾಲು ಹಗುರ ಮಾಡಬೇಕೆಂದು ಗೇಜಿನ ಮೇಲೆ ಕೆಂಪು ಗೆರೆ ಎಳೆದಿಟ್ಟಿದೆ.

ಚೇಂಬರಿಗೆ 15ಡಬ್ಲ್ಯು-40, ಸಿಐ-4 ದರ್ಜೆಯ ಆಯಿಲ್. ಮೊದಲ ಬದಲಾವಣೆ 500 ಕಿಲೋಮೀಟರಿಗೆ, ಆಮೇಲೆ 5000ಕ್ಕೆ. ಏರು ಹತ್ತಿ ಬಂದ ಗಾಡಿಯನ್ನು ಆಫ್ ಮಾಡುವ ಮೊದಲು ಎರಡು ನಿಮಿಷ ಐಡಲ್‌ನಲ್ಲಿ ಬಿಡಬೇಕು, ಇಲ್ಲವಾದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ. 500 ಕಿಲೋಮೀಟರ್ ಆದಾಗ ಮ್ಯಾನಿಫೋಲ್ಡಿನ ಎರಡು ನಟ್ಟು ಕಾಲು ಸುತ್ತು ಸಡಿಲವಾಗಿದ್ದವು, ಡ್ರೈನ್ ಹೋಸಿನ ಹೊರಮೈ ಒಣಗಿದ್ದು ಒಣಗಿದಂತೆಯೇ ಇತ್ತು.