ಬಗ್ಗದ ಮುಚ್ಚಳ

ಶನಿವಾರ, ಭಾನುವಾರ ಶಾಲೆಯ ಊಟ ಸಿಗದ ಮಕ್ಕಳಿಗೆ ಇವತ್ತು ಆ ಎರಡು ದಿನದ ಊಟದ ಚೀಲ ತುಂಬುತ್ತಿದ್ದೆವು. ಒಂದು ಡಬ್ಬಿಯ ಮುಚ್ಚಳ ನನ್ನ ಕೈಗೇ ಬಗ್ಗಲಿಲ್ಲ.

ಪಕ್ಕದಲ್ಲಿದ್ದ ಅಕ್ಕ ಅದನ್ನು ಸುಮ್ನೆ ಹೊರಗಿಟ್ಟರು. “ಏಳು ವರ್ಷದ ಮಗು ಇದನ್ನು ಹೇಗೆ ತೆಗೆಯುತ್ತೆ? ಮನೆಯಲ್ಲಿ ದೊಡ್ಡವರು ಇರ್ತಾರೋ ಇಲ್ವೋ” ಅಂದರು.

ಶುಕ್ರವಾರ ಮಧ್ಯಾಹ್ನ ಶಾಲೆಯಲ್ಲಿ ಉಂಡ ಮಗುವಿಗೆ ಅಲ್ಲಿನ ಮುಂದಿನ ಊಟ ಸೋಮವಾರ ಮಧ್ಯಾಹ್ನ. ನಡುವೆ 72 ಗಂಟೆ. ನಾನು ಈ ಲೆಕ್ಕ ಹಾಕಿಯೇ ಇರಲಿಲ್ಲ.

ಆಮೇಲೆ ಎಲ್ಲ ಚೀಲವನ್ನೂ ಮತ್ತೆ ನೋಡಿದೆವು. ಒಲೆ ಹಚ್ಚದೆ ತಿನ್ನುವಂತಿರಬೇಕು. ಭಾರ ಜಾಸ್ತಿ ಆಗಬಾರದು. ಪುಸ್ತಕದ ಬ್ಯಾಗಿನೊಳಗೆ ಯಾರಿಗೂ ಕಾಣದ ಹಾಗೆ ಕೂರಬೇಕು. ಮಗು ತಲೆ ತಗ್ಗಿಸುವಂತಾಗಬಾರದು ಅಲ್ವಾ.

ಮುಂದೆ ದೊಡ್ಡ ರಜೆ. ಆಗ ಶಾಲೆಯ ಬಾಗಿಲೇ ತೆರೆಯುವುದಿಲ್ಲ. ಮನೆಮನೆಗೆ ತಲುಪಿಸಲು ಇನ್ನೂ ನಾಲ್ಕು ಜನ ಬೇಕು. ಬಿಡುವಿದ್ದವರು ಹೇಳಿ.