ಮೊದಲ ಸೆಮಿಸ್ಟರಿನ ಕಲಿಕಾ ಬಳಗ: ಈವರೆಗಿನ ಪ್ರಗತಿ

ಜುಲೈ

ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಿ.ಕಾಂ. ಸೇರುವವರಲ್ಲಿ ಹಲವರು ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರು, ಇಲ್ಲವೇ ವಾಣಿಜ್ಯವನ್ನು ಕನ್ನಡ ಮಾಧ್ಯಮದಲ್ಲಿ ಓದಿದವರು. ಲೆಕ್ಕಶಾಸ್ತ್ರದ ಇಂಗ್ಲಿಷ್ ಪಠ್ಯ ಕೈಗೆ ಬಂದ ಕೆಲವೇ ವಾರಗಳಲ್ಲಿ ಅವರಲ್ಲಿ ಕೆಲವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಹೊರತಂದ ‘ದೀಕ್ಷಾರಂಭ’ ಮಾರ್ಗಸೂಚಿಯಂತೆ ಹೊಸಬರ ಸ್ವಾಗತ ನಡೆಯುತ್ತದೆ ನಿಜ. ಆದರೆ ಅದರ ಬಹುಪಾಲು ಶಾಲು, ಹಾರ, ಹಿತವಚನಗಳಲ್ಲೇ ಕಳೆದುಹೋಗುವುದುಂಟು. ಈ ವರ್ಷ ವಾರಕ್ಕೊಂದು ಸೆಮಿನಾರ್ ಮತ್ತು ಲೆಕ್ಕಶಾಸ್ತ್ರಕ್ಕೆ ಹೊಂದಿಕೊಂಡ ಕಲಿಕಾ ಬಳಗಗಳನ್ನು, ಅಂದರೆ ಜೊತೆಗೂಡಿ ಲೆಕ್ಕ ಬಿಡಿಸುವ ಗುಂಪುಗಳನ್ನು, ನಡೆಸಲು ಪ್ರಾಂಶುಪಾಲರ ಒಪ್ಪಿಗೆ ಪಡೆದೆ.

ಸೆಮಿನಾರಿಗೆ ಮಾದರಿಯಾದದ್ದು ಅಮೆರಿಕದ ದಕ್ಷಿಣ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಆರಂಭವಾದ ‘ಯೂನಿವರ್ಸಿಟಿ 101’ ಎಂಬ ತರಗತಿ. ಬಳಗದ ಸ್ವರೂಪಕ್ಕೆ ಮಾತ್ರ ನಾನು ಹೆಚ್ಚು ಋಣಿಯಾಗಿರುವುದು ಗಣಿತಜ್ಞ ಯೂರಿ ಟ್ರೀಸ್‌ಮನ್ ಅವರಿಗೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದ ಕ್ಯಾಲ್ಕ್ಯುಲಸ್ ವಿಷಯದಲ್ಲಿ ಹಿಂದೆ ಬೀಳುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನು ಹತ್ತಿರದಿಂದ ಗಮನಿಸಿದ ಅವರು, ಆ ವಿದ್ಯಾರ್ಥಿಗಳಲ್ಲಿ ಶ್ರಮಕ್ಕಾಗಲೀ ಆಸಕ್ತಿಗಾಗಲೀ ಕೊರತೆಯಿಲ್ಲವೆಂದೂ, ಅವರು ಒಬ್ಬೊಬ್ಬರೇ ಕುಳಿತು ಓದುತ್ತಿರುವಾಗ ಚೀನೀ ಮೂಲದ ಸಹಪಾಠಿಗಳು ಜೊತೆಯಾಗಿ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿರುವರೆಂದೂ ಕಂಡುಕೊಂಡರು. ಅವರ ಕಾರ್ಯಾಗಾರದಲ್ಲಿ ಸುಲಭದ ಮರುಪಾಠವಿರಲಿಲ್ಲ, ಕಠಿಣ ಲೆಕ್ಕಗಳಿದ್ದವು. 1973ರಲ್ಲಿ ಕಾನ್ಸಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ರೂಪಿಸಿದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ (ಪೂರಕ ಬೋಧನೆ) ಪದ್ಧತಿಯೂ ದುರ್ಬಲ ವಿದ್ಯಾರ್ಥಿಗಳನ್ನು ಹೆಕ್ಕಿ ತೆಗೆಯುವ ಬದಲು ಕಷ್ಟದ ವಿಷಯವನ್ನು ಗುರುತಿಸಿ, ಬಾಗಿಲನ್ನು ಎಲ್ಲರಿಗೂ ತೆರೆದಿಡುತ್ತದೆ. ನಾವಾದರೋ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಕ್ಕಾಗಿ ‘ನಿಧಾನವಾಗಿ ಕಲಿಯುವವರ’ ಪಟ್ಟಿ ಮಾಡುತ್ತೇವೆ. ಆ ಪಟ್ಟಿಯಲ್ಲಿ ತನ್ನ ಹೆಸರು ಕಂಡ ಹುಡುಗ ವಿಶೇಷ ತರಗತಿಯ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಕಲಾ ವಿಭಾಗದವರನ್ನೂ ವಾಣಿಜ್ಯದವರನ್ನೂ ಬೆರೆಸಿ ಬಳಗಗಳನ್ನು ಮಾಡಿ, ಪ್ರತಿಯೊಂದಕ್ಕೂ ಅದನ್ನು ನಡೆಸಲು ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿಯನ್ನು ನೇಮಿಸಿದೆವು.

ಆಗಸ್ಟ್

ಸೆಮಿನಾರಿನ ಮೊದಲ ವಾರಗಳು ಪ್ರವೇಶ, ಪರೀಕ್ಷೆಗಳ ಯುಯುಸಿಎಂಎಸ್ ಜಾಲತಾಣದ ಲಾಗಿನ್, ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ, ಶೇ. 75 ಹಾಜರಾತಿ, ಆಂತರಿಕ ಅಂಕಗಳ ಲೆಕ್ಕ ಇವುಗಳಲ್ಲೇ ಕಳೆದವು. ವ್ಯಕ್ತಿತ್ವ ವಿಕಸನದ ಉಪನ್ಯಾಸಗಳನ್ನು ಬೇಕೆಂದೇ ಕೈಬಿಟ್ಟೆ. ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆಯ ಚಿಂತೆಯಲ್ಲಿರುವವರಿಗೆ ಗುರಿ ಸಾಧನೆಯ ಮಾತು ಹಿಡಿಸುವುದಿಲ್ಲ.

ಸೆಪ್ಟೆಂಬರ್

ಬಳಗದ ತರಗತಿಯನ್ನು ವೇಳಾಪಟ್ಟಿಯ ನಡುವೆಯೇ ಹಾಕಿಸಬೇಕಾಯಿತು, ಏಕೆಂದರೆ ಸಂಜೆ ಉಳಿದರೆ ಹಳ್ಳಿಯ ಬಸ್ಸು ತಪ್ಪುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚು ಉಳಿದಿದೆಯೇ ಹೊರತು, ಕೊನೆಯ ಬಸ್ಸಿನ ಹೊತ್ತು ಬದಲಾಗಿಲ್ಲ.

ಹಿರಿಯ ವಿದ್ಯಾರ್ಥಿಗಳಿಗೆ ಇರುವ ನಿಯಮ ಒಂದೇ: ಉತ್ತರ ಹೇಳುವಂತಿಲ್ಲ. ಒಂದು ದಿನದ ಲೆಕ್ಕ, ಮಾಲೀಕ ಸ್ವಂತ ಖರ್ಚಿಗೆಂದು ಅಂಗಡಿಯ ನಗದಿನಿಂದ 2,000 ರೂಪಾಯಿ ತೆಗೆದದ್ದಕ್ಕೆ ಜರ್ನಲ್ ನಮೂದು ಬರೆಯುವುದಾಗಿತ್ತು. ಹೆಚ್ಚಿನವರು ಅದನ್ನು ಅಂಗಡಿಯ ಖರ್ಚೆಂದೇ ಬರೆದರು. ಕಿರಾಣಿ ಅಂಗಡಿಯ ಮನೆಯಿಂದ ಬಂದ ಹುಡುಗಿ ಪೆನ್ನು ಕೆಳಗಿಟ್ಟು, “ಅಂಗಡೀನೂ ಅಪ್ಪಂದೇ, ದುಡ್ಡೂ ಅಪ್ಪಂದೇ, ಬರೆಯೋದ್ಯಾಕೆ ಅಕ್ಕಾ?” ಎಂದಳು. “ಹಂಗಾದ್ರೆ ವರ್ಷದ ಕೊನೇಲಿ ಅಂಗಡಿಗೆ ಲಾಭ ಬಂತೋ ಇಲ್ವೋ ಅಂತ ಅಪ್ಪಂಗೆ ಹೇಗೆ ಗೊತ್ತಾಗುತ್ತೆ?” ಎಂದು ಹಿರಿಯಳು ಮರುಪ್ರಶ್ನೆ ಹಾಕಿ ಸುಮ್ಮನಾದಳು. ಬಹಳ ಹೊತ್ತಿನ ವಾದದ ನಂತರ, ಲೆಕ್ಕದ ಪುಸ್ತಕದಲ್ಲಿ ಅಂಗಡಿ ಬೇರೆ, ಮಾಲೀಕ ಬೇರೆ ಎಂಬ ಮಾತು ಕಲಾ ವಿಭಾಗದಿಂದ ಬಂದ ಹುಡುಗನ ಬಾಯಿಂದ ಹೊರಟಿತು. ಡ್ರಾಯಿಂಗ್ಸ್ ಖಾತೆ (ಮಾಲೀಕ ಸ್ವಂತಕ್ಕೆ ತೆಗೆದದ್ದರ ಖಾತೆ) ಡೆಬಿಟ್, ನಗದು ಖಾತೆ ಕ್ರೆಡಿಟ್. ನಾನು ಅದನ್ನೇ ಬೋರ್ಡಿನ ಮೇಲೆ ಐದು ನಿಮಿಷದಲ್ಲಿ ಮುಗಿಸಬಹುದಿತ್ತು, ಆದರೆ ಆ ವಾದ ನಡೆಯುತ್ತಿರಲಿಲ್ಲ.

ಅಕ್ಟೋಬರ್

ಮೊದಲ ಆಂತರಿಕ ಪರೀಕ್ಷೆ ಮುಗಿದಿದೆ. ಬಳಗಕ್ಕೆ ತಪ್ಪದೆ ಬಂದವರ ಉತ್ತರಪತ್ರಿಕೆಗಳಲ್ಲಿ ಖಾಲಿ ಬಿಟ್ಟ ಪ್ರಶ್ನೆಗಳು ಕಡಿಮೆ. ತಪ್ಪೋ ಸರಿಯೋ, ನಮೂದು ಬರೆಯುವ ಧೈರ್ಯ ಮಾಡಿದ್ದಾರೆ. ಆದರೂ ತಪ್ಪದೆ ಬರುವವರು ಮೊದಲಿನಿಂದಲೇ ಶ್ರದ್ಧೆಯುಳ್ಳವರಾಗಿರಬಹುದಾದ್ದರಿಂದ, ಇದನ್ನು ಬಳಗದ ಸಾಧನೆಯೆಂದು ಈಗಲೇ ಬರೆದುಕೊಳ್ಳುವುದು ಸರಿಯಲ್ಲ. ಹಿರಿಯ ವಿದ್ಯಾರ್ಥಿಗಳಿಗೆ ಗೌರವಧನ ಕೊಡಲು ಸದ್ಯ ದಾರಿಯಿಲ್ಲ, ಅವರ ಪರೀಕ್ಷೆ ಹತ್ತಿರವಾದಂತೆ ಹಾಜರಿ ಸಡಿಲವಾಗುವ ಸಂಭವವಿದೆ.

ಅನೇಕರು ತೊಡರುವುದು ಲೆಕ್ಕದಲ್ಲಿ ಅಲ್ಲ, ಪ್ರಶ್ನೆಯ ಇಂಗ್ಲಿಷ್ ವಾಕ್ಯದಲ್ಲಿ ಎಂಬುದು ಉತ್ತರಪತ್ರಿಕೆಗಳಿಂದ ಸ್ಪಷ್ಟವಾಗಿದೆ. ಮುಂದಿನ ಸೆಮಿಸ್ಟರಿನಲ್ಲಿ ಲೆಕ್ಕಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಇಂಗ್ಲಿಷ್ ತರಗತಿಯಲ್ಲಿ ಓದಿಸಲು ಆ ವಿಭಾಗದ ಅತಿಥಿ ಉಪನ್ಯಾಸಕಿ ಒಪ್ಪಿದ್ದಾರೆ. ಎರಡೂ ತರಗತಿಗಳಲ್ಲಿ ಒಂದೇ ಬಳಗ ಒಟ್ಟಿಗೆ ಕೂರುವಂತೆ ವೇಳಾಪಟ್ಟಿಯನ್ನು ಹೊಂದಿಸುವ ಕೆಲಸ ಬಾಕಿಯಿದೆ.