ಪುಸ್ತಕದ ಆ ಕಪ್ಪು ಚೌಕ

ಭಾನುವಾರ ಜಮಖಂಡಿಗೆ, ಅಕ್ಕನ ಮನೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಅಕ್ಕನ ಮಗಳು ವಿಜ್ಞಾನದ ಪುಸ್ತಕ ತಂದು, "ಮಾಮಾ, ಇದು ಸ್ಕ್ಯಾನ್ ಆಗವಲ್ದು" ಅಂದಳು. ನೋಡಿದರೆ ಪಾಠದ ಕ್ಯೂಆರ್ ಕೋಡ್ ಮೇಲೆ ಎಣ್ಣೆ ಕಲೆ. ಶೇಂಗಾ ಹಿಂಡಿ ತಿಂದ ಕೈ! ಕೋಡ್ ಕೆಳಗೆ ಆರು ಅಕ್ಷರ, ಅಂಕಿ ಇರುತ್ತವಲ್ಲ, ಅದನ್ನೇ ಶಾಲೆಯ ಪಾಠಗಳಿರುವ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಟೈಪ್ ಮಾಡು ಅಂದೆ. ಪಾಠ ತೆರೆದುಕೊಂಡಿತು. ಅವಳ ಮುಖ ನೋಡಬೇಕಿತ್ತು.

ದೀಕ್ಷಾ ಶುರುವಾಗಿದ್ದು 2017ರಲ್ಲಿ. ಪುಸ್ತಕ ಕೈಯಲ್ಲೇ ಇದೆ, ಆದರೆ ಆ ಆರು ಅಕ್ಷರ ಯಾಕಿವೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಬೇಜಾರಾಯಿತು.

ರೀಲ್ಸ್ ಸರಿಸುವಾಗ ಎಷ್ಟು ಚುರುಕು ಬೆರಳು! 'ದ್ಯುತಿಸಂಶ್ಲೇಷಣೆ' ಅಂತ ಹುಡುಕು ಅಂದರೆ ಮೊದಲ ಒತ್ತಕ್ಷರಕ್ಕೇ ನಿಂತಿತು. ದ, ಅದಕ್ಕೆ ಅರ್ಧಾಕ್ಷರದ ಗುರುತು, ಆಮೇಲೆ ಯ. ಮೂರು ಸಲ ತಪ್ಪಿ, ನಾಲ್ಕನೇ ಸಲ ಬಂತು. ಮೊದಲು ಕಂಡ ವೀಡಿಯೊವನ್ನೇ ಒತ್ತಲು ಹೋದಳು. "ತಡಿ, ಯಾರು ಹಾಕಿದ್ದು ನೋಡು" ಅಂದೆ. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಫೋನ್ ಬಳಸೋದು ಮಕ್ಕಳಿಗೆ ತಾನಾಗೇ ಬರುತ್ತದೆ, ಅನುಮಾನಿಸೋದನ್ನು ಪಕ್ಕದಲ್ಲಿ ಕೂತು ಕಲಿಸಬೇಕು ಅಲ್ವಾ?

ಅಷ್ಟರಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ತೊಳೆದು ಬಂದು ಕೂತಳು. "ನನಗೂ ಒಮ್ಮೆ ತೋರ್ಸೋ ತಮ್ಮಾ."

ಮುಂದಿನ ಭಾನುವಾರವೂ ಹೋಗುತ್ತಿದ್ದೇನೆ.